ಶಕೀಲಾ ಅವರ ಶ್ರುತಿಗೆ ಖಾದರ್ ಕಟ್ಟಿದ ತಂತಿ

ಖಾದರ್ ಅವರ ಬೆವರಿಗೆ ತಂತಿ ತಾಳುವುದಿಲ್ಲ. ಬೇರೆಯವರ ಎಲೆಕ್ಟ್ರಿಕ್ ಗಿಟಾರಿನಲ್ಲಿ ಎರಡು ತಿಂಗಳು ಬಾಳುವ ತಂತಿ ಅವರ ಕೈಯಲ್ಲಿ ನಾಲ್ಕು ಕಾರ್ಯಕ್ರಮಕ್ಕೆ ಮುಗಿಯುತ್ತದೆ. ಮೊದಲು ಹೊಳಪು ಹೋಗುತ್ತದೆ. ಆಮೇಲೆ ಬೆರಳಿನ ಕೆಳಗೆ ಮರಳು ಸಿಕ್ಕಂತಾಗುತ್ತದೆ. ಕೊನೆಗೆ ನಾದ ಮಂಕಾಗಿ, ಒದ್ದೆ ಬಟ್ಟೆ ಹೊದಿಸಿ ನುಡಿಸಿದ ಹಾಗೆ ಕೇಳುತ್ತದೆ. ಶಿವಾಜಿನಗರದಲ್ಲಿ ಝಿಪ್ಪು, ಗುಂಡಿ, ಲೇಸು ಮಾರುವ ಅವರ ಅಂಗಡಿಯಲ್ಲೂ ಇದೇ ತೊಂದರೆ. ಹಿತ್ತಾಳೆ ಗುಂಡಿಗಳನ್ನು ಅವರು ಮುಟ್ಟಬಾರದೆಂದು ಹೆಂಡತಿ ಫಹ್ಮಿದಾ ಕಟ್ಟಪ್ಪಣೆ ಮಾಡಿದ್ದಾರೆ.

"ನೀವು ಮುಟ್ಟಿದ್ದು ನಾಳೆಗೆ ಕಪ್ಪಾಗುತ್ತೆ. ಗಿರಾಕಿಗೆ ನಾನು ತೋರಿಸ್ತೀನಿ, ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ."

ಖಾದರ್ ಕೂರುತ್ತಾರೆ. ಈಗ ಅವರಿಗೆ ಐವತ್ತೇಳು. ಅಂಗಡಿ ತಂದೆಯ ಕಾಲದ್ದು. ಗಿಟಾರ್ ಕಲಿಸಿದವರು ರಿಚರ್ಡ್ಸ್ ಟೌನಿನ ಒಬ್ಬ ದರ್ಜಿ. ಪ್ಯಾಂಟಿನ ಝಿಪ್ಪು ಕೊಳ್ಳಲು ಬರುತ್ತಿದ್ದ ಅವರು ಶನಿವಾರ ಸಂಜೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಮಗ ಆ ದರ್ಜಿಯ ಮನೆಗೆ ಹೋಗಿ ಬರುವುದನ್ನು ತಂದೆ ಹೊಗಳಲಿಲ್ಲ, ತಡೆಯಲೂ ಇಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಅಂಗಡಿ ತೆರೆದರೆ ಅವರಿಗೆ ಸಾಕಾಗಿತ್ತು.

ಖಾದರ್ ಮದುವೆಯಾದ ವರ್ಷವೇ ಅಂಗಡಿಯ ಕಬ್ಬಿಣದ ಶಟರ್ ಜಾರಿ ಎಡಗೈಯ ಉಂಗುರದ ಬೆರಳಿನ ಮೇಲೆ ಬಿತ್ತು. ಮೂಳೆ ಕೂಡಿತು, ಸ್ವಲ್ಪ ಸೊಟ್ಟಗೆ ಕೂಡಿತು. ಗಿಟಾರಿನಲ್ಲಿ ತಂತಿಯನ್ನು ಒತ್ತಿ ಪಕ್ಕಕ್ಕೆ ತಳ್ಳಿದರೆ ಸ್ವರ ಮೇಲಕ್ಕೆ ಏರುತ್ತದೆ. ಇದಕ್ಕೆ ಅವರ ಸಂಗಡಿಗರು ಎಳೆತ ಎನ್ನುತ್ತಾರೆ. ಆ ಕೆಲಸ ಹೆಚ್ಚಾಗಿ ಉಂಗುರದ ಬೆರಳಿನದು. ಖಾದರ್ ಹೆಸರು ಮಾಡಿದ್ದೂ ಎಳೆತಕ್ಕೇ. ಬೆರಳು ಮುರಿದ ಮೇಲೆ ಅವರು ಎಳೆತ ಬಿಡಲಿಲ್ಲ, ತಂತಿ ಬದಲಿಸಿದರು. ತಂತಿಯ ಕಟ್ಟಿಗೆ ಅದರ ಅತಿ ಸಣ್ಣ ತಂತಿಯ ದಪ್ಪವೇ ಹೆಸರು: ಒಂಬತ್ತು, ಹತ್ತು, ಹನ್ನೊಂದು. ಒಂಬತ್ತು ತೆಳುವು, ಬೆರಳಿಗೆ ಸುಲಭ, ನಾದವೂ ತೆಳುವು. ಹನ್ನೊಂದು ದಪ್ಪ, ನಾದ ತುಂಬಿ ಬರುತ್ತದೆ, ಬೆರಳನ್ನು ದುಡಿಸುತ್ತದೆ. ಅಂದಿನಿಂದ ಖಾದರ್ ಕಟ್ಟುತ್ತಿದ್ದದ್ದು ಒಂಬತ್ತು. ತಂತಿಯ ಮೇಲೆ ತೆಳು ಪೊರೆ ಹಚ್ಚಿದ ಜಾತಿಯೂ ಬರುತ್ತದೆ, ಬೆವರಿಗೆ ಬೇಗ ಕೆಡುವುದಿಲ್ಲ. ಅದನ್ನೂ ಒಮ್ಮೆ ಹಾಕಿ ನೋಡಿ, ಬೆರಳು ಜಾರುತ್ತದೆ, ಹಿಡಿತ ಸಿಗುವುದಿಲ್ಲ ಎಂದು ಬಿಚ್ಚಿದರು.

ಅವರ ಆರ್ಕೆಸ್ಟ್ರಾದ ಮುಖ್ಯ ಗಾಯಕಿ ಶಕೀಲಾ. ಫ್ರೇಜರ್ ಟೌನಿನವರು, ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾದವರು, ಖಾದರ್‌ಗಿಂತ ಐದು ವರ್ಷ ಹಿರಿಯರು. ನವೆಂಬರ್ ಬಂದರೆ ಹಲಸೂರಿನಿಂದ ಕೆ.ಆರ್. ಪುರದವರೆಗೆ ಬೀದಿ ಬೀದಿಯ ರಾಜ್ಯೋತ್ಸವದಲ್ಲಿ ಹಳೆಯ ಕನ್ನಡ ಸಿನಿಮಾ ಹಾಡು ಹಾಡುತ್ತಾರೆ. ಸಂಘಟಕರು ಫೋನ್ ಮಾಡಿ ಮೊದಲು ಕೇಳುವುದು, "ಶಕೀಲಾ ಮೇಡಂ ಬರ್ತಾರಾ?" ಎಂದು. ಬೇರೆ ಯಾರು ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಖಾದರ್ ಶಕೀಲಾ ಅವರನ್ನು ಆಪಾ ಎನ್ನುತ್ತಾರೆ. ಅಕ್ಕ ಎಂದು ಅರ್ಥ.

ಶಕೀಲಾ ತಾಳ ಎಣಿಸುವವರಲ್ಲ. ಹಾಡಿಗೆ ಎಲ್ಲಿ ಸೇರಬೇಕು ಎಂಬುದನ್ನು ಅವರು ಖಾದರ್ ಅವರ ಎಡಗೈ ನೋಡಿ ತಿಳಿಯುತ್ತಾರೆ. ಕೈ ಗಿಟಾರಿನ ಕತ್ತಿನ ಮೇಲೆ ಇಂಥ ಕಡೆ ಬಂತು ಎಂದರೆ ಪಲ್ಲವಿ, ಅಲ್ಲಿಂದ ಕೆಳಗಿಳಿಯಿತು ಎಂದರೆ ಚರಣ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆಯೇ ನಡೆದಿದೆ. ಖಾದರ್ ಹುಷಾರಿಲ್ಲದೆ ಬಾರದ ಒಂದೆರಡು ದಿನ ಅವರು ತಪ್ಪು ಜಾಗದಲ್ಲಿ ಸೇರಿ, ತಬಲದವನನ್ನು ಬೈದಿದ್ದಾರೆ.

ಇವರ ಆರ್ಕೆಸ್ಟ್ರಾಕ್ಕೆ ಇನ್ನೊಂದು ಹಮ್ಮಿತ್ತು. ಯಾವ ಹಾಡನ್ನಾದರೂ ಅದರ ಮೂಲ ಶ್ರುತಿಯಲ್ಲೇ ಹಾಡಬೇಕು. ಶ್ರುತಿ ಇಳಿಸುವುದು ಮದುವೆ ಮನೆಯ ಹುಡುಗರ ಕೆಲಸ ಎಂದು ಶಕೀಲಾ ಅವರೇ ಎಷ್ಟೋ ಸಲ ಹೇಳಿದ್ದರು.

ಮೂರು ವರ್ಷದ ಹಿಂದೆ ಶಕೀಲಾ ಅವರ ಗಂಟಲು ಇಳಿಯಲು ಶುರುವಾಯಿತು. ಅರವತ್ತರ ಗಂಟಲು ಇಳಿಯುವುದರಲ್ಲಿ ವಿಶೇಷವೇನೂ ಇಲ್ಲ. ಅದನ್ನು ಮೊದಲು ಗಮನಿಸಿದವರು ಕೀಬೋರ್ಡಿನ ಭೀಮಾಶಂಕರ. ಕಲಬುರಗಿ ಕಡೆಯವರು, ನಲವತ್ತರ ಆಸುಪಾಸು. ಟಿನ್ ಫ್ಯಾಕ್ಟರಿಯ ಹಿಂದೆ ಬಾಡಿಗೆ ಕೋಣೆಯಲ್ಲಿದ್ದು ಹಗಲು ಒಂದು ಗೋದಾಮಿನಲ್ಲಿ ಪಾರ್ಸಲ್ ಕೆಲಸ ಮಾಡುತ್ತಾರೆ. ಹಳೆಯ ಮಾಲೀಕರು ಕೈಬಿಟ್ಟ ಮೇಲೆ ಆರ್ಕೆಸ್ಟ್ರಾವನ್ನು ನಡೆಸುತ್ತಿರುವವರೂ ಅವರೇ. ಒಂದು ದಿನ ಅಭ್ಯಾಸ ಮುಗಿದು ಶಕೀಲಾ ಹೊರಟ ಮೇಲೆ ಅವರು ಖಾದರ್ ಅವರನ್ನು ಪಕ್ಕಕ್ಕೆ ಕರೆದರು.

"ಭಾಯಿ, ಅಕ್ಕಾರ ದನಿ ಮ್ಯಾಲ ಹೋಗವಲ್ದು. ಇವತ್ತ ನೋಡಿದ್ರಿಲ್ಲ?"

"ನೋಡಿದೆ. ನೆಗಡಿ ಇರಬಹುದು."

"ಆರು ತಿಂಗಳಿಂದ ನೆಗಡಿ ಇರ್ತದೇನ್ರಿ? ನಾ ಅರ್ಧ ಮನಿ ಇಳಸ್ತೀನಿ. ಕೀಬೋರ್ಡಿನ್ಯಾಗ ಬಟನ್ ಅದ, ಒತ್ತಿದ್ರ ಮುಗೀತು. ಅಕ್ಕಾರಿಗಿ ಹೇಳೂದು ಬ್ಯಾಡ."

"ಹೇಳದೆ ಹೇಗೆ?"

"ಹೇಳಿದ್ರ ಮನಿಗಿ ಹೋಗಿ ಕುಂದರ್ತಾರ. ಅವರು ಕುಂತ್ರ ನಾವೂ ಕುಂತಂಗ. ನಿಮ್ಮ ಗಿಟಾರಿಗಿ ಬಟನ್ ಇಲ್ಲ, ಅದಕ್ಕ ಕೇಳಾಕತ್ತೀನಿ. ನೀವು ಹ್ಯಾಂಗ ಇಳಸ್ತೀರಿ? ಆಗಂಗಿಲ್ಲಂದ್ರ ಹೇಳ್ರಿ, ಗಿಟಾರಿನ ತುಣುಕೆಲ್ಲ ಕೀಬೋರ್ಡಿನ್ಯಾಗ ತುಂಬಿ ಇಟ್ಕೋತೀನಿ."

ಹಾರ್ಮೋನಿಯಂ ಕಾಲದಿಂದ ಶ್ರುತಿಯ ಒಂದೊಂದು ಮೆಟ್ಟಿಲನ್ನು ಮನೆ ಎನ್ನುವುದು ರೂಢಿ. ಅರ್ಧ ಮನೆ ಎಂದರೆ ಪಕ್ಕದ ಕೀಲಿಗೆ ಸರಿದಂತೆ. ಗಿಟಾರ್ ನುಡಿಸುವವರಿಗೆ ಅದಕ್ಕೆ ಸುಲಭದ ದಾರಿಯಿದೆ: ಕತ್ತಿನ ಮೇಲೆ ಅಡ್ಡ ಕೂರಿಸಿದ ಲೋಹದ ಕಂಬಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಕೈಯನ್ನು ಒಂದು ಫ್ರೆಟ್ ಕೆಳಗೆ, ಗಿಟಾರಿನ ತಲೆಯ ಕಡೆಗೆ ಸರಿಸಿ ನುಡಿಸಬಹುದು. ಖಾದರ್ ಅವರಿಗೆ ಆ ದಾರಿ ಮುಚ್ಚಿತ್ತು. ಕೈ ಸರಿದರೆ ಶಕೀಲಾ ಕಂಡುಹಿಡಿಯುತ್ತಾರೆ, ಇಲ್ಲವೇ ತಪ್ಪು ಜಾಗದಲ್ಲಿ ಸೇರುತ್ತಾರೆ. ಕೈ ಇದ್ದಲ್ಲೇ ಇರಬೇಕು, ಸ್ವರ ಮಾತ್ರ ಇಳಿಯಬೇಕು. ಅಂದರೆ ಇಡೀ ಗಿಟಾರನ್ನೇ ಸಡಿಲಿಸಬೇಕು.

ಖಾದರ್ ಒಪ್ಪಿಕೊಂಡರು. ಇದನ್ನು ಆಪಾ ಮೇಲಿನ ಗೌರವ ಎಂದು ಅವರು ಫಹ್ಮಿದಾ ಅವರಿಗೆ ಹೇಳಿದರು. ಗೌರವ ಇದ್ದದ್ದು ನಿಜ. ಭೀಮಾಶಂಕರ ಹೇಳಿದ ಎರಡನೆಯ ಮಾತು ಕಿವಿಯಲ್ಲಿ ಉಳಿದಿದ್ದದ್ದೂ ನಿಜ. ಗಿಟಾರಿನ ತುಣುಕುಗಳು ಕೀಬೋರ್ಡಿನೊಳಗೆ ಸೇರಿದರೆ, ಗಲ್ಲಾದ ಹಿಂದಿನ ಕುರ್ಚಿ ಬಿಟ್ಟು ಖಾದರ್ ಅವರಿಗೆ ಬೇರೆ ಕುರ್ಚಿ ಉಳಿಯುತ್ತಿರಲಿಲ್ಲ.

ಅರ್ಧ ಮನೆ ಇಳಿಸಿದಾಗ ಒಂಬತ್ತರ ತಂತಿ ಹೇಗೋ ನಡೆಯಿತು. ಮರುವರ್ಷ ಒಂದು ಮನೆ ಇಳಿಸಬೇಕಾಯಿತು. ಆಗ ತಂತಿ ಒಣಹಾಕಿದ ಹಗ್ಗದಂತೆ ಜೋತು, ಫ್ರೆಟ್ಟಿಗೆ ಬಡಿದು ಗುಂಯ್‌ಗುಟ್ಟಿತು. ಎಳೆದರೆ ಸ್ವರ ಬೇಕಾದ ಕಡೆ ನಿಲ್ಲದೆ ಮುಂದಕ್ಕೆ ಹಾರುತ್ತಿತ್ತು. ಖಾದರ್ ಗಿಟಾರನ್ನು ಹೊತ್ತು ಹಲಸೂರಿಗೆ ಹೋದರು. ಅಲ್ಲಿ ಚಲುವಯ್ಯ ಎಂಬವರು ವಾದ್ಯ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾರೆ. ಹಾರ್ಮೋನಿಯಂನಿಂದ ಶುರುಮಾಡಿ ಈಗ ಗಿಟಾರಿಗೆ ಬಂದಿರುವವರು, ಮಾತು ಜಾಸ್ತಿ.

"ಏನ್ ಭಾಯ್ ಇದು, ಗಿಟಾರಾ, ಬಟ್ಟೆ ಒಣಗಿಸೋ ತಂತಿನಾ?"

ಖಾದರ್ ವಿಷಯ ಹೇಳಿದರು.

"ಅಯ್ಯೋ, ಇದಕ್ಕೆ ಯಾಕೆ ಮುಖ ಇಷ್ಟು ಸಪ್ಪೆ? ಹತ್ತು ಹಾಕ್ಕೊಳ್ಳಿ. ಹತ್ತನ್ನ ಒಂದು ಮನೆ ಇಳಿಸಿದ್ರೆ ಬಿಗಿ ಮೊದಲಿನ ಒಂಬತ್ತರಷ್ಟೇ ಆಗುತ್ತೆ. ನಿಮ್ಮ ಸೊಟ್ಟ ಬೆರಳಿಗೆ ಗೊತ್ತೇ ಆಗಲ್ಲ."

"ಇನ್ನೂ ಇಳಿಸಬೇಕು ಅಂದ್ರೆ?"

"ಹನ್ನೊಂದು. ಅದಕ್ಕೂ ಕೆಳಗೆ ಹೋದ್ರೆ ಆಯಮ್ಮನಿಗೆ ಗಂಡಸರ ಹಾಡು ಕೊಡಿ."

ಚಲುವಯ್ಯ ಹೇಳಿದಂತೆಯೇ ಆಯಿತು. ಹತ್ತರ ಕಟ್ಟು ಬೆರಳಿಗೆ ಒಂಬತ್ತರಂತೆಯೇ ಇತ್ತು. ಶಕೀಲಾ ಅವರ ಕಿವಿಗೆ ಹಾಗಿರಲಿಲ್ಲ. ಮೊದಲ ಅಭ್ಯಾಸದಲ್ಲೇ ಅವರು ಹಾಡು ನಿಲ್ಲಿಸಿ ತಿರುಗಿದರು.

"ಕ್ಯಾ ಮಿಯಾ, ನಿನ್ನ ಗಿಟಾರಿಗೆ ನೆಗಡಿನಾ? ಮೂಗು ಕಟ್ಟಿದ ಹಾಗೆ ಕೇಳ್ತಿದೆ."

"ತಂತಿ ಹಳೇದು, ಆಪಾ."

"ಹಾಗಾದ್ರೆ ಬದಲಾಯಿಸು. ಗುಂಡಿ ಮಾರಿ ಗಳಿಸಿದ್ದೆಲ್ಲ ಏನು ಮಾಡ್ತೀಯ?"

ತಂತಿ ಹಳೆಯದಾಗಿರಲಿಲ್ಲ. ದಪ್ಪ ತಂತಿಯನ್ನು ಕೆಳಗಿಳಿಸಿದರೆ ನಾದ ಗುಂಡಗಾಗುತ್ತದೆ, ಮೊನೆ ಹೋಗುತ್ತದೆ. ಆ ಮೊನೆಯನ್ನು ಮರಳಿ ತರುವುದು ಈಗ ಖಾದರ್ ಅವರ ಕೆಲಸವಾಯಿತು. ಮುಂದಿನ ವಾರಗಳಲ್ಲಿ ಅವರು ಒಂದರ ಮೇಲೊಂದು ಕಟ್ಟು ಹಾಕಿ ಬಿಚ್ಚಿದರು. ಮೊದಲಿಂದಲೂ ಹಾಕುತ್ತಿದ್ದದ್ದು ಉಕ್ಕಿನ ಮೇಲೆ ನಿಕಲ್ ಲೇಪದ್ದು. ಅದೇ ಈಗ ಮೂಗು ಕಟ್ಟಿದಂತೆ ಕೇಳುತ್ತಿತ್ತು. ಬರೀ ನಿಕಲ್ ಸುತ್ತಿದ್ದನ್ನು ತಂದರು, ಅದು ಇನ್ನೂ ಮೆತ್ತಗೆ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿದಾಗ ನಾದ ಚುರುಕಾಗಿ, ಹಳೆಯ ಒಂಬತ್ತಕ್ಕೆ ಹತ್ತಿರ ಬಂತು. ಅದು ಅವರ ಬೆವರಿಗೂ ಬಗ್ಗಲಿಲ್ಲ. ಅದೇ ಮೊದಲ ಸಲ ಒಂದು ಕಟ್ಟು ಅವರ ಕೈಯಲ್ಲಿ ಇಡೀ ಋತು ಬಾಳಿತು. ಸ್ಪರ್ಶ ಮಾತ್ರ ಒರಟು, ಬೆರಳು ಸರಿಸಿದರೆ ಕಿರ್ ಎನ್ನುತ್ತಿತ್ತು. ಫ್ರೆಟ್ಟುಗಳನ್ನು ಬೇಗ ಸವೆಸುತ್ತದೆ ಎಂದು ಚಲುವಯ್ಯ ಮೊದಲೇ ಹೇಳಿದ್ದರು, ಸವೆಸಿತು.

ಶಕೀಲಾ ಕೇಳಿ, "ಈಗ ಸರಿಯಾಯ್ತು ನೋಡು" ಎಂದರು.

ಹೀಗೆ ತಮಗಿಷ್ಟವಿಲ್ಲದ ಸ್ಪರ್ಶದ ತಂತಿಯನ್ನು ಖಾದರ್ ತಮ್ಮ ಹಳೆಯ ತಂತಿಯಂತೆ ಕೇಳಿಸುವುದಕ್ಕಾಗಿಯೇ ಆರಿಸಿಕೊಂಡರು. ಕಳೆದ ವರ್ಷ ಶ್ರುತಿ ಒಂದೂವರೆ ಮನೆಗೆ ಇಳಿದಾಗ ಹನ್ನೊಂದರ ಕಟ್ಟು ಬಂತು. ಅಷ್ಟು ದಪ್ಪಕ್ಕೆ ಗಿಟಾರಿನ ತಲೆಯ ಬಳಿ ತಂತಿ ಕೂರುವ ಮೂಳೆಯ ಪಟ್ಟಿಯಲ್ಲಿ ಗೀರುಗಳು ಸಾಲಲಿಲ್ಲ. ಚಲುವಯ್ಯ ಅರ ಹಿಡಿದು ಅವನ್ನು ಅಗಲಿಸಿದರು.

"ಒಂದು ಸಲ ಉಜ್ಜಿದ್ರೆ ಮತ್ತೆ ಸಣ್ಣ ತಂತಿ ಇಲ್ಲಿ ಕೂರಲ್ಲ ಭಾಯ್, ಅಲ್ಲಾಡುತ್ತೆ. ಆಮೇಲೆ ನನ್ನ ಬೈಬೇಡಿ."

"ಉಜ್ಜಿ."

"ಆಯಮ್ಮನಿಗೆ ಒಂದು ಮಾತು ಹೇಳಿಬಿಟ್ರೆ ಈ ಮೂಳೆ ಉಳಿಯುತ್ತೆ."

"ನೀವು ಬಂದು ಹೇಳ್ತೀರಾ?"

ಚಲುವಯ್ಯ ಉಜ್ಜಿದರು.

ಮನೆಯಲ್ಲಿ ಫಹ್ಮಿದಾ ಕೂಡ ಅದನ್ನೇ ಹೇಳಿದರು, ಸ್ವಲ್ಪ ಕಟುವಾಗಿ. ಕೈಗೆ ಸಾಬೂನು ಹಚ್ಚಿದಷ್ಟು ಸಲ ಅವರ ಗಂಡ ಉಂಗುರದ ಬೆರಳನ್ನು ನೀವಿಕೊಳ್ಳುವುದನ್ನು ಅವರು ನೋಡುತ್ತಿದ್ದರು. "ಅರವತ್ತೆರಡು ವರ್ಷದ ಹೆಂಗಸಿಗೆ ತನ್ನ ಗಂಟಲು ಇಳಿದದ್ದು ಗೊತ್ತಿರಲ್ವಾ? ನೀವು ಗಂಡಸರು ಸೇರ್ಕೊಂಡು ಅವಳನ್ನ ಮಗು ಮಾಡಿದೀರಿ" ಎಂದರು. ಈ ಮಾತಿನಲ್ಲಿ ಅರ್ಧ ಸರಿ. ಶಕೀಲಾ ಅವರಿಗೆ ಗೊತ್ತಿರಲಿಲ್ಲ. ಹಾಡು ಸಲೀಸಾಗಿ ಬರುತ್ತಿದ್ದುದರಿಂದ, ಮೊದಲು ಕಷ್ಟವಾದದ್ದು ಯಾವುದೋ ಕಾಯಿಲೆ, ಈಗ ವಾಸಿಯಾಗಿದೆ ಎಂದೇ ಅವರು ನಂಬಿದ್ದರು. ಜೇನು ಹಾಕಿದ ಬಿಸಿನೀರಿನ ಗುಣ ಎಂದು ನಾಲ್ಕು ಜನಕ್ಕೆ ಹೇಳಿಯೂ ಇದ್ದರು.

ಕಳೆದ ನವೆಂಬರಿನಲ್ಲಿ ಟಿನ್ ಫ್ಯಾಕ್ಟರಿ ಬಳಿ ಆಟೊ ಚಾಲಕರ ಸಂಘವೊಂದು ರಾಜ್ಯೋತ್ಸವ ಇಟ್ಟುಕೊಂಡಿತ್ತು. ರಸ್ತೆಯ ಪಕ್ಕ ವೇದಿಕೆ, ಹಳದಿ ಕೆಂಪು ಬಾವುಟ, ಸಾಲಾಗಿ ನಿಲ್ಲಿಸಿ ಹೂ ಮುಡಿಸಿದ ಆಟೊಗಳು. ಅದೇ ದಿನ ಸಂಘದವರು ಆರ್ಕೆಸ್ಟ್ರಾದ ಜೊತೆಗಿರಲಿ ಎಂದು ಅರ್ಸಲಾನ್ ಎಂಬ ಸ್ಯಾಕ್ಸೊಫೋನ್ ಹುಡುಗನನ್ನೂ ಕರೆಸಿದ್ದರು. ಶಿವಾಜಿನಗರದ ಮದುವೆ ಬ್ಯಾಂಡಿನವನು, ಇಪ್ಪತ್ತನಾಲ್ಕು ವರ್ಷ. ಇವರ ಜೊತೆ ಹಿಂದೆ ನುಡಿಸಿದವನಲ್ಲ; ಹೇಳಬೇಕಾದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಮೈಕ್ ಪರೀಕ್ಷೆಯ ಹೊತ್ತು. ಶಕೀಲಾ ಅವರ ಹೆಸರು ನಿಂತಿರುವ ಹಾಡೊಂದಿದೆ. ಆರ್ಕೆಸ್ಟ್ರಾದವರು ಅದನ್ನು ಮಳೆ ಹಾಡು ಎನ್ನುತ್ತಾರೆ. ಗಿಟಾರ್ ಒಂದು ಉದ್ದ ಎಳೆತದಿಂದ ಶುರುಮಾಡುತ್ತದೆ, ಆ ಎಳೆತ ಮುಗಿಯುವಲ್ಲಿ ಅವರು ಸೇರುತ್ತಾರೆ. ಅದನ್ನೇ ಎತ್ತಿಕೊಂಡರು. ಎರಡು ಸಾಲು ಹೋಗುವಷ್ಟರಲ್ಲಿ ಸ್ಯಾಕ್ಸೊಫೋನ್ ಸೇರಿಕೊಂಡು, ಕೇಳಿದವರು ಹಲ್ಲು ಕಚ್ಚುವಂತಾಯಿತು. ಹುಡುಗ ವಾದ್ಯ ಕೆಳಗಿಟ್ಟ.

"ಏನ್ ಗುರು, ಸ್ಕೇಲ್ ಇಳಿಸಿದೀರಾ? ಒರಿಜಿನಲ್ ಇದಲ್ವಲ್ಲ!"

ಭೀಮಾಶಂಕರ ಕಣ್ಣು ಮಿಟುಕಿಸಿದರು. ಹುಡುಗನಿಗೆ ಅರ್ಥವಾಗಲಿಲ್ಲ.

"ನಂದು ಊದೋ ಐಟಂ ಭಾಯ್, ಬಟನ್ ಇಲ್ಲ. ಎಷ್ಟು ಇಳಿಸಿದೀರಾ ಹೇಳಿ, ಅಡ್ಜಸ್ಟ್ ಮಾಡ್ಕೊಳ್ತೀನಿ. ಒಂದೂವರೆನಾ?"

ಮೈಕ್ ಚಾಲೂ ಇತ್ತು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು, ಅವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಶಕೀಲಾ ಭೀಮಾಶಂಕರ ಅವರತ್ತ ನೋಡಲಿಲ್ಲ. ಖಾದರ್ ಅವರ ಎಡಗೈಯನ್ನು ನೋಡಿದರು. ಅದು ಎಂದಿನ ಜಾಗದಲ್ಲೇ ಇತ್ತು.

"ಕೈ ಅಲ್ಲೇ ಇದೆಯಲ್ಲ?"

ಖಾದರ್ ಬೆರಳುಗಳನ್ನು ತಂತಿಯಿಂದ ಎತ್ತಿದರು.

"ಖಾದರ್, ನಿನ್ನ ಕೇಳ್ತಿರೋದು. ಆ ಹುಡುಗ ಹೇಳಿದ್ದು ನಿಜಾನಾ?"

"ನಿಜ, ಆಪಾ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ಸ್ವಲ್ಪ ಸ್ವಲ್ಪವಾಗಿ."

ಭೀಮಾಶಂಕರ ನಡುವೆ ಬಂದರು. "ಅಕ್ಕಾರ, ನಿಮ್ಮ ಆರೋಗ್ಯದ ಸಲುವಾಗಿ—"

"ನೀನು ಸುಮ್ನಿರು. ನನ್ನ ಆರೋಗ್ಯ ನಿನ್ನ ಬಟನ್‌ನಲ್ಲಿ ಇಲ್ಲ." ಅವರು ಸೆರಗು ಸರಿಪಡಿಸಿಕೊಂಡರು. "ಇವತ್ತು ಮಳೆ ಹಾಡು ಒರಿಜಿನಲ್‌ನಲ್ಲೇ ಹಾಡ್ತೀನಿ. ಎಲ್ರೂ ಸರಿ ಮಾಡ್ಕೊಳ್ಳಿ. ಆಗಲ್ಲ ಅನ್ನೋರು ಈಗಲೇ ಇಳೀರಿ."

ಭೀಮಾಶಂಕರ ಬಟನ್ ಒತ್ತಿದರು, ಅವರ ಕೆಲಸ ಮುಗಿಯಿತು. ಅರ್ಸಲಾನ್‌ಗೆ ಮಾಡುವುದೇನೂ ಇರಲಿಲ್ಲ. ಖಾದರ್ ಅವರ ಗಿಟಾರಿನಲ್ಲಿ ಒಂದೂವರೆ ಮನೆ ಇಳಿಸಿದ ಹನ್ನೊಂದರ ಉಕ್ಕಿನ ತಂತಿ. ಅವರ ಮುಂದೆ ಎರಡು ದಾರಿ ಇದ್ದವು. ಗಿಟಾರನ್ನು ಹಾಗೆಯೇ ಬಿಟ್ಟು ಕೈಯನ್ನು ಮೂರು ಫ್ರೆಟ್ ಮೇಲೆ ಸರಿಸಿ ನುಡಿಸಬಹುದಿತ್ತು. ಬಿಗಿ ಅಷ್ಟೇ ಇರುತ್ತಿತ್ತು, ಬೆರಳಿಗೆ ತೊಂದರೆಯಿಲ್ಲ. ಅದಕ್ಕೆ ಶಕೀಲಾ ಅವರಿಗೆ ಒಂದೇ ಮಾತು ಹೇಳಬೇಕಿತ್ತು: ಇವತ್ತು ಕೈ ಮೇಲೆ ಇರುತ್ತದೆ, ಅಲ್ಲಿ ನೋಡಿ ಎಂದು. ಇನ್ನೊಂದು ದಾರಿ, ತಂತಿಯನ್ನು ಮೂಲ ಶ್ರುತಿಯವರೆಗೆ ಬಿಗಿದು ಕೈಯನ್ನು ಹಳೆಯ ಜಾಗದಲ್ಲೇ ಇಡುವುದು. ಹನ್ನೊಂದನ್ನು ಅಷ್ಟು ಬಿಗಿದರೆ ಅವರ ಬೆರಳು ಎಂದೂ ಎಳೆಯದ ಬಿಗಿ ಬರುತ್ತದೆ.

ಮಾತನಾಡಬೇಕಾದ ಸಮಯದಲ್ಲಿ ಕೂಡ ಖಾದರ್ ಮಾತನಾಡಲಿಲ್ಲ. ಎರಡು ವರ್ಷ ಹೇಳದೆ ನಡೆಸಿದವರಿಗೆ ಹೇಳದಿರುವುದೇ ಕೈಗೆ ಬಂದ ದಾರಿ. ವೇದಿಕೆಯ ಹಿಂದೆ ಆಟೊ ಒಂದರ ಹಿಂದಿನ ಸೀಟಿನಲ್ಲಿ ಕೂತು ತಿರುಪುಗಳನ್ನು ತಿರುಗಿಸತೊಡಗಿದರು. ಗಿಟಾರಿನ ಕತ್ತು ಬಾಗಿ, ತಂತಿಗಳು ಹಲಗೆಯಿಂದ ಮೇಲೆದ್ದವು. ಒಮ್ಮೆ ಎಳೆದು ನೋಡಿದರು. ಮತ್ತೊಮ್ಮೆ ಎಳೆಯಲಿಲ್ಲ, ಬೆರಳನ್ನು ಉಳಿಸಿಕೊಳ್ಳಬೇಕಿತ್ತು.

ಸಂಘದ ಅಧ್ಯಕ್ಷರ ಭಾಷಣ, ಹಿರಿಯ ಚಾಲಕರಿಗೆ ಶಾಲು, ಎರಡು ಸಮೂಹ ನೃತ್ಯ ಮುಗಿದವು. ಶಕೀಲಾ ಮೈಕಿನ ಮುಂದೆ ನಿಂತು ಖಾದರ್ ಅವರ ಕಡೆಗೆ ಓರೆಯಾಗಿ ತಿರುಗಿದರು. ಖಾದರ್ ಮೊದಲ ಸ್ವರ ಒತ್ತಿ ಎಳೆದರು. ಉಂಗುರದ ಬೆರಳಿಗೆ ನಡುಬೆರಳನ್ನೂ ಜೊತೆಮಾಡಿ ತಳ್ಳಿದರು. ತಂತಿ ಅರ್ಧ ದಾರಿ ಹೋಗಿ ನಿಂತಿತು. ಏರಬೇಕಾದ ಸ್ವರ ಏರದೆ, ನಡುವೆ ಎಲ್ಲೋ, ಯಾವ ಹೆಸರೂ ಇಲ್ಲದ ಕಡೆ ನೇತಾಡಿತು. ಅಲ್ಲಿಂದ ಮುಂದೆ ಬೆರಳು ಹೋಗಲಿಲ್ಲ.

ಕೈ ಮಾತ್ರ ಸರಿಯಾದ ಜಾಗದಲ್ಲಿತ್ತು. ಶಕೀಲಾ ಅದನ್ನು ನೋಡಿ, ಸರಿಯಾದ ಕ್ಷಣಕ್ಕೆ, ಸರಿಯಾದ ಸ್ವರದಲ್ಲಿ ಸೇರಿದರು. ಪಲ್ಲವಿ ದಾಟಿದರು. ಚರಣದಲ್ಲಿ ಹಾಡು ಮೇಲೇರುವ ಕಡೆ ಅವರ ಗಂಟಲು ಒಡೆಯಿತು. ಅವರು ನಿಲ್ಲಿಸಲಿಲ್ಲ; ಉಳಿದ ಸಾಲನ್ನು ಕೆಳಗಿನ ಸ್ಥಾಯಿಯಲ್ಲಿ, ಮಾತನಾಡಿದಂತೆ ಹಾಡಿ ಮುಗಿಸಿದರು. ಆಟೊ ಚಾಲಕರು ಶಿಳ್ಳೆ ಹೊಡೆದರು. ಅವರು ಯಾವಾಗಲೂ ಹೊಡೆಯುತ್ತಾರೆ.

ಇಳಿದು ಬಂದ ಮೇಲೆ ಇಬ್ಬರೂ ವೇದಿಕೆಯ ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಯಾರೋ ಚಹಾ ತಂದುಕೊಟ್ಟರು. ಖಾದರ್ ಲೋಟವನ್ನು ಬಲಗೈಯಲ್ಲಿ ಹಿಡಿದಿದ್ದರು, ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

"ನಿನ್ನ ಬೆರಳು ಮುಟ್ಟಲಿಲ್ಲ" ಎಂದರು ಶಕೀಲಾ.

"ನಿಮ್ಮ ಗಂಟಲೂ ಮುಟ್ಟಲಿಲ್ಲ, ಆಪಾ."

"ಹೂಂ. ಅದು ನಂಗೆ ಕೇಳಿಸ್ತು." ಒಂದು ಗುಟುಕು ಕುಡಿದರು. "ಕೈ ಅದೇ ಜಾಗದಲ್ಲಿ ಇಟ್ಕೊಂಡು ಸ್ವರ ಹೆಂಗೆ ಇಳಿಸಿದೆ? ಅದನ್ನ ಹೇಳು."

ಖಾದರ್ ಹೇಳಿದರು. ಒಂಬತ್ತು, ಹತ್ತು, ಹನ್ನೊಂದು. ಮೂಗು ಕಟ್ಟಿದ ನಾದಕ್ಕೆ ಉಕ್ಕಿನ ತಂತಿ. ಅರ ಹಾಕಿಸಿದ ಮೂಳೆ. ಎಲ್ಲವನ್ನೂ ಹೇಳಿದರು. ಶಕೀಲಾ ಶಾಲೆಯಲ್ಲಿ ಹುಡುಗರ ನೆಪ ಕೇಳುವಾಗ ಹೇಗೆ ಕೂರುತ್ತಿದ್ದರೋ ಹಾಗೆ ಕೂತು ಕೇಳಿದರು.

"ಇಷ್ಟೆಲ್ಲ ಮಾಡೋಕೆ ಬುದ್ಧಿ ಇತ್ತು. ಬಾಯಿ ಇರ್ಲಿಲ್ವಾ?"

"ನೀವು ಬಿಟ್ಟುಬಿಡ್ತೀರ ಅಂತ."

"ಬಿಡ್ತಿದ್ನೋ ಏನೋ. ಅದು ನಂಗೆ ಬಿಟ್ಟಿದ್ದು. ಜೇನು ನೀರು ಕುಡಿದು ವಾಸಿ ಆಯ್ತು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಆ ನಗು ಯಾರ ಮೇಲೆ?"

ಶಕೀಲಾ ಲೋಟ ಕೆಳಗಿಟ್ಟು ಎದ್ದರು. ಅಂದು ಉಳಿದ ಹಾಡುಗಳನ್ನು ಅವರು ಒಂದೂವರೆ ಮನೆ ಇಳಿಸಿ ಹಾಡಿದರು; ಎಷ್ಟು ಇಳಿಸಬೇಕೆಂದು ಭೀಮಾಶಂಕರ ಅವರಿಗೆ ತಾವೇ ಹೇಳಿದರು. ಮತ್ತೆ ತಂತಿ ಸಡಿಲಿಸಿಕೊಂಡು ನುಡಿಸಿದ ಖಾದರ್ ಜೊತೆ ಮಾತನಾಡಲಿಲ್ಲ.

ಮರುವಾರದ ಅಭ್ಯಾಸಕ್ಕೆ ಖಾದರ್ ಬರುವ ಮೊದಲೇ ಭೀಮಾಶಂಕರ ಗಿಟಾರಿನ ತುಣುಕುಗಳನ್ನು ಕೀಬೋರ್ಡಿನಲ್ಲಿ ತುಂಬಿ ಇಟ್ಟುಕೊಂಡಿದ್ದರು. ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ.

"ಭಾಯಿ, ನಿಮ್ಮ ಬೆರಳಿಗಿ ತ್ರಾಸ ಯಾಕ? ನೀವು ಸುಮ್ಮ ಸಾದಾ ನುಡಿಸಿಕೋತ ಕುಂದರ್ರಿ. ಎಳೆಯೂದೆಲ್ಲ ಇದು ನೋಡ್ಕೋತದ."

ಖಾದರ್ ಗಿಟಾರನ್ನು ಚೀಲದಿಂದ ತೆಗೆಯದೆ ಕೂತು ಕೇಳಿದರು. ಕೀಬೋರ್ಡಿನಿಂದ ಬಂದ ಗಿಟಾರ್ ಸ್ವಚ್ಛವಾಗಿತ್ತು, ಎಳೆತ ತಪ್ಪಿರಲಿಲ್ಲ. ಶಕೀಲಾ ಒಂದು ಮಾತ್ರೆ ಮೊದಲೇ ಸೇರಿದರು. ಎರಡನೆಯ ಸಲ ತಡವಾಗಿ ಸೇರಿದರು. ಮೂರನೆಯ ಸಲಕ್ಕೆ ಭೀಮಾಶಂಕರ ಅವರ ಕಡೆ ತಿರುಗಿದರು.

"ನಾನು ಎಲ್ಲಿ ನೋಡ್ಲಿ? ನಿನ್ನ ಪೆಟ್ಟಿಗೇನಾ? ಒಂದು ಬೆರಳು ಒತ್ತಿ ಕೂತಿದೀಯ, ಅದ್ರಲ್ಲಿ ನಂಗೆ ಏನು ತಿಳೀಬೇಕು?"

"ಎಣಿಸ್ರಿ ಅಕ್ಕಾರ, ಒಂದು ಎರಡು ಮೂರು—"

"ಎಣಿಸೋದು ನಕ್ಕೊ, ಬೇಡ. ಈ ವಯಸ್ಸಿಗೆ ನಿನ್ನ ಹತ್ರ ಎಣಿಕೆ ಕಲೀಲಾ?"

ಆಗ ಖಾದರ್ ಎದ್ದರು. ಚೀಲ ಬಿಚ್ಚಿದರು. ಗಿಟಾರಿನಲ್ಲಿ ಹೊಸ ಮೂಳೆಯ ಪಟ್ಟಿ ಇತ್ತು; ವಾರದ ಮಧ್ಯೆ ಹಲಸೂರಿಗೆ ಹೋಗಿ ಕೂರಿಸಿಕೊಂಡು ಬಂದಿದ್ದರು. ತಂತಿ ಒಂಬತ್ತರದು, ನಿಕಲ್ ಲೇಪದ್ದು, ನಾಲ್ಕು ಕಾರ್ಯಕ್ರಮಕ್ಕೆ ಮುಗಿಯುವಂಥದ್ದು. ಶ್ರುತಿ ಮೂಲದ್ದು. ನಾದವನ್ನು ಮರೆಮಾಡುವ ಕೆಲಸ ಇನ್ನಿಲ್ಲವಾದ್ದರಿಂದ ಅವರು ತಮ್ಮ ಕೈಗೆ ಹಿತವಾದದ್ದನ್ನು ಆರಿಸಿಕೊಂಡಿದ್ದರು.

"ಆಪಾ, ಇನ್ಮೇಲೆ ನನ್ನ ಕೈ ಇಲ್ಲಿ ಇರುತ್ತೆ." ಹಳೆಯ ಜಾಗದಿಂದ ಮೂರು ಫ್ರೆಟ್ ಕೆಳಗೆ ಬೆರಳಿಟ್ಟು ತೋರಿಸಿದರು. "ನಿಮ್ಮ ಶ್ರುತಿ ಇಳಿದಷ್ಟು ನನ್ನ ಕೈ ಇಳಿಯುತ್ತೆ. ಪಲ್ಲವಿಗೆ ಇಲ್ಲಿ ನೋಡಿ, ಚರಣಕ್ಕೆ ಇಲ್ಲಿ."

ಭೀಮಾಶಂಕರ ತಲೆ ಕೆರೆದುಕೊಂಡರು. ಶಕೀಲಾ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು.

"ಮಳೆ ಹಾಡಿನ ಕೊನೇಲಿ ಬರೋ ಆ ದಪ್ಪ ಸ್ವರ?"

"ಅದು ಬರಲ್ಲ. ಅಷ್ಟು ಕೆಳಗೆ ಈ ತಂತೀಲಿ ಜಾಗ ಇಲ್ಲ."

"ಹೋಗ್ಲಿ ಬಿಡು. ನಂದೂ ಮೇಲಿನದು ಹೋಯ್ತಲ್ಲ. ನುಡಿಸು."

ಅಂದು ಅವರು ಐದು ಸಲ ತಪ್ಪಿ ಸೇರಿದರು. ಐದು ಸಲವೂ ಖಾದರ್ ಅವರನ್ನೇ ಬೈದರು. ಕೈ ನೆಟ್ಟಗೆ ಹಿಡಿ, ಹೆಬ್ಬೆರಳು ಅಡ್ಡ ಬರ್ತಿದೆ, ಉದ್ದ ತೋಳಿನ ಅಂಗಿ ಯಾಕೆ ಹಾಕ್ಕೊಂಡು ಬಂದೆ. ಆರನೆಯ ಸಲಕ್ಕೆ ಎಳೆತ ಏರಬೇಕಾದಲ್ಲಿಗೆ ಏರಿತು, ಅದು ಮುಗಿಯುವಲ್ಲಿ ಅವರು ಸೇರಿದರು. ಭೀಮಾಶಂಕರ ತುಂಬಿಟ್ಟುಕೊಂಡಿದ್ದ ತುಣುಕುಗಳನ್ನು ಅಳಿಸಲಿಲ್ಲ, ಮುಂದೆ ಬೇಕಾಗಬಹುದು. ಶಕೀಲಾ ಹಾಡುವವರೆಗೆ ಬೇಕಾಗುವುದಿಲ್ಲ ಎಂಬುದು ಈಗ ಅವರಿಗೂ ಗೊತ್ತು.

ಜನವರಿಯಲ್ಲಿ ಹಲಸೂರಿನ ಕಾರ್ಯಕ್ರಮದ ದಿನ ಶಕೀಲಾ ವೇದಿಕೆ ಹತ್ತುವ ಮುನ್ನ ಖಾದರ್ ಬಳಿ ಬಂದು, "ಇವತ್ತು ಇನ್ನೂ ಅರ್ಧ ಇಳಿಸು" ಎಂದರು. ಖಾದರ್ ತಲೆಯಾಡಿಸಿ, ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಅಂಗಿಯ ಎಡ ತೋಳನ್ನು ಮೊಣಕೈವರೆಗೆ ಮಡಿಸಿದರು.